ಆಂಬೆಲಾಕಿಯಾ: ಒಟ್ಟೊಮನ್ ಕಾಲದ ಕೆಂಪು ನೂಲಿನ ಊರು – ಪದೇ ಪದೇ ಕೇಳುವ ಪ್ರಶ್ನೆಗಳು

ಆಂಬೆಲಾಕಿಯಾ ಎಲ್ಲಿದೆ?

ಗ್ರೀಸ್‌ನ ಥೆಸಲಿ ಪ್ರಾಂತ್ಯದಲ್ಲಿ, ಲಾರಿಸಾ ನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಒಲಿಂಪಸ್ ಮತ್ತು ಕಿಸ್ಸಾವೊಸ್ ಬೆಟ್ಟಗಳ ನಡುವೆ ಪಿನಿಯೊಸ್ ನದಿ ಹರಿಯುವ ಇಕ್ಕಟ್ಟಾದ ಕಣಿವೆಗೆ ಟೆಂಪಿ ಎಂದು ಹೆಸರು. ಆ ಕಣಿವೆಯ ಮೇಲೆ, ಕಿಸ್ಸಾವೊಸ್‌ನ ಇಳಿಜಾರಿನಲ್ಲಿ ಈ ಊರು ಕೂತಿದೆ. ಪುರಾಣಗಳಲ್ಲಿ ಬರುವ ಒಸ್ಸಾ ಪರ್ವತವೇ ಕಿಸ್ಸಾವೊಸ್. 'ಆಂಬೆಲಾಕಿಯಾ' ಎಂದರೆ ಪುಟ್ಟ ದ್ರಾಕ್ಷಿತೋಟಗಳು.

ಟೆಂಪಿ ಎಂಬ ಹೆಸರನ್ನು ಇತ್ತೀಚೆಗೆ ಕೇಳಿದ್ದರೆ, ಅದು 2023ರ ಫೆಬ್ರವರಿ 28ರ ರೈಲು ದುರಂತದಿಂದ ಇರಬೇಕು. 57 ಜನ ಸತ್ತ ಆ ಅಪಘಾತ ನಡೆದದ್ದು ಇದೇ ಕಣಿವೆಯ ಹತ್ತಿರ.

ಈ ಊರು ಒಟ್ಟೊಮನ್ನರ ಕೈಗೆ ಸೇರಿದ್ದು ಯಾವಾಗ? ಎಷ್ಟು ಕಾಲ ಇತ್ತು?

14ನೇ ಶತಮಾನದ ಕೊನೆಯಲ್ಲಿ ಒಟ್ಟೊಮನ್ನರ, ಅಂದರೆ ತುರ್ಕಿ ಸುಲ್ತಾನರ, ಸೈನ್ಯ ಥೆಸಲಿಯ ಬಯಲಿಗೆ ಇಳಿಯಿತು. ಲಾರಿಸಾ ನಗರಕ್ಕೆ ಅವರು 'ಯೆನಿಶೆಹಿರ್', ಅಂದರೆ ಹೊಸ ಊರು, ಎಂದು ಹೆಸರಿಟ್ಟರು. ಥೆಸಲಿ ಗ್ರೀಸ್ ದೇಶಕ್ಕೆ ಸೇರಿದ್ದು 1881ರಲ್ಲಿ. ಲೆಕ್ಕ ಹಾಕಿದರೆ ಐದು ಶತಮಾನಕ್ಕೆ ಸ್ವಲ್ಪ ಕಡಿಮೆ. ದಕ್ಷಿಣ ಗ್ರೀಸ್ 1830ರ ಹೊತ್ತಿಗೇ ಸ್ವತಂತ್ರವಾಗಿದ್ದರೂ ಆಂಬೆಲಾಕಿಯಾದವರು ಮತ್ತೆ 50 ವರ್ಷ ಸುಲ್ತಾನನ ಪ್ರಜೆಗಳಾಗಿಯೇ ಉಳಿದರು.

ಸುಲ್ತಾನನ ಆಳ್ವಿಕೆಯಲ್ಲಿ ಒಂದು ಕ್ರೈಸ್ತ ಊರು ತನ್ನ ಆಡಳಿತವನ್ನು ತಾನೇ ನಡೆಸಲು ಹೇಗೆ ಸಾಧ್ಯವಾಯಿತು?

ತೆರಿಗೆ ವಸೂಲಿಯ ರೀತಿಯಿಂದ. ಮುಸ್ಲಿಮೇತರರು ತಲೆಗಂದಾಯ ಕೊಡಬೇಕಿತ್ತು. ಅದರ ಜತೆ ಬೆಳೆ, ದನಕರು, ಸಾಗಣೆಯ ಮೇಲೆ ಬೇರೆ ಬೇರೆ ತೆರಿಗೆಗಳಿದ್ದವು. ಸರ್ಕಾರ ಮನೆಮನೆಗೆ ಹೋಗಿ ಎಣಿಸುವ ಬದಲು, 'ನಿಮ್ಮ ಊರಿನಿಂದ ಒಟ್ಟು ಇಷ್ಟು ಬರಬೇಕು' ಎಂದು ನಿಗದಿ ಮಾಡುವುದು ಕ್ರಮೇಣ ರೂಢಿಯಾಯಿತು. ಆ ಮೊತ್ತವನ್ನು ಯಾರು ಎಷ್ಟು ಹೊರಬೇಕು ಎಂದು ಹಂಚುವವರು ಊರಿನ ಹಿರಿಯರು. ತುರ್ಕಿ ಭಾಷೆಯಲ್ಲಿ ಅವರನ್ನು 'ಕೋಜಾಬಾಶಿ' ಎನ್ನುತ್ತಿದ್ದರು. ತೆರಿಗೆ ಹಂಚುವವರ ಕೈಗೆ ನಿಧಾನವಾಗಿ ಉಳಿದದ್ದೂ ಬಂತು: ಜಗಳ ತೀರ್ಮಾನ, ಶಾಲೆ, ಚರ್ಚಿನ ಖರ್ಚು, ದಾರಿ ದುರಸ್ತಿ. ಮದುವೆ, ಆಸ್ತಿ ಪಾಲಿನಂಥ ವಿಷಯಗಳು ಬಿಷಪ್ಪರ ಮುಂದೆ ಹೋಗುತ್ತಿದ್ದವು.

ಬೆಟ್ಟದ ಊರಾಗಿದ್ದೂ ಅನುಕೂಲವೇ ಆಯಿತು. ಕೆಳಗೆ ಕಣಿವೆಯ ಬಾಯಲ್ಲಿ ಬಾಬಾ ಎಂಬ ಹಳ್ಳಿ ಇತ್ತು, ಅಲ್ಲಿ ಹಸನ್ ಬಾಬಾ ಎಂಬ ಸಂತನ ಹೆಸರಿನ ತೆಕ್ಕೆ, ಅಂದರೆ ದರ್ವೇಶಿಗಳ ಮಠ. ಮುಸ್ಲಿಮರು ಕೆಳಗಿದ್ದರು, ಮೇಲಿನ ಆಂಬೆಲಾಕಿಯಾ ಗ್ರೀಕರದು. ಥೆಸಲಿಯ ಫಲವತ್ತಾದ ಬಯಲಿನಲ್ಲಾದರೆ ರೈತರು 'ಚಿಫ್ಲಿಕ್' ಎಂಬ ದೊಡ್ಡ ಜಮೀನುಗಳಲ್ಲಿ ಗೇಣಿಗೆ ದುಡಿಯುತ್ತಿದ್ದರು, ಅವರಿಗೆ ಇಂಥ ಸ್ವಾತಂತ್ರ್ಯ ಸಿಗಲಿಲ್ಲ. ಕಲ್ಲುನೆಲದ ಊರಿಗೆ ಕಣ್ಣು ಹಾಕುವ ಜಮೀನ್ದಾರ ಕಡಿಮೆ. ಬಡ ನೆಲವೇ ಆಂಬೆಲಾಕಿಯಾವನ್ನು ಕಾಯಿತು ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ದಬ್ಬಾಳಿಕೆ ಇರಲಿಲ್ಲವೇ?

ಇತ್ತು. ಕ್ರೈಸ್ತನಾದವನು ಕಾನೂನಿನ ಕಣ್ಣಿನಲ್ಲಿ ಎರಡನೇ ದರ್ಜೆಯವನು. ತೆರಿಗೆ ಗುತ್ತಿಗೆ ಹಿಡಿದವರು ಹಾಕಿದ ಹಣಕ್ಕಿಂತ ಹೆಚ್ಚು ಹಿಂಡಲು ನೋಡುತ್ತಿದ್ದರು. 18ನೇ ಶತಮಾನದ ಕೊನೆಗೆ ಇಸ್ತಾಂಬುಲ್‌ನ ಹಿಡಿತ ಸಡಿಲವಾದಾಗ ಪ್ರಾಂತ್ಯದ ಅಧಿಕಾರಿಗಳಾದ ಪಾಷಾಗಳದೇ ದರ್ಬಾರು. ತೆಪೆಲೆನಾದ ಅಲಿ ಪಾಷಾ 1780ರ ದಶಕದಲ್ಲಿ ಥೆಸಲಿಯ ಟ್ರಿಕಾಲಾದಲ್ಲಿ ಅಧಿಕಾರ ಹಿಡಿದ, ಆಮೇಲೆ ಯಾನಿನಾವನ್ನು ರಾಜಧಾನಿ ಮಾಡಿಕೊಂಡು ಅರ್ಧ ಗ್ರೀಸನ್ನು ಆಳಿದ. ಹಣವಿದ್ದ ಊರು ಅವನ ಕಣ್ಣು ತಪ್ಪಿಸಿಕೊಳ್ಳುವುದು ಕಷ್ಟವಿತ್ತು.

ಆದರೆ 'ನಾನೂರು ವರ್ಷದ ಕತ್ತಲೆ' ಎಂಬ ಒಂದೇ ಮಾತಿನಲ್ಲಿ ಈ ಊರಿನ ಕಥೆ ಮುಗಿಯುವುದಿಲ್ಲ. ಅದೇ ಕತ್ತಲೆಯ ಮಧ್ಯೆ ಈ ಜನ ಯುರೋಪಿನ ಆರು ನಗರಗಳಿಗೆ ಸರಕು ಕಳಿಸುತ್ತಿದ್ದರು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ.

ಏನು ಸರಕು ಅದು? ಕೆಂಪು ನೂಲಿಗೆ ಅಷ್ಟು ಬೆಲೆ ಏಕೆ?

ಹತ್ತಿ ನೂಲಿಗೆ ಹಾಕಿದ ಕೆಂಪು ಬಣ್ಣ. ಉಣ್ಣೆಗೆ, ರೇಷ್ಮೆಗೆ ಬಣ್ಣ ಸುಲಭವಾಗಿ ಹತ್ತುತ್ತದೆ, ಹತ್ತಿ ಹಟಮಾರಿ. ಅದಕ್ಕೆ ಹಾಕಿದ ಕೆಂಪು ಒಗೆತಕ್ಕೂ ಬಿಸಿಲಿಗೂ ಹೋಗುತ್ತಿತ್ತು. ಪೂರ್ವ ದೇಶದವರು ಮಾತ್ರ ಹೋಗದ ಹಾಗೆ ಹಾಕುತ್ತಿದ್ದರು. ಯುರೋಪಿನವರು ಅದನ್ನು 'ಟರ್ಕಿ ಕೆಂಪು' ಎಂದರು, ಫ್ರೆಂಚರು 'ಅಡ್ರಿಯಾನೋಪಲ್ ಕೆಂಪು' ಎಂದರು. ಆಂಬೆಲಾಕಿಯಾದ್ದೂ ಅದೇ ಬಣ್ಣ.

ಮೂಲ ವಸ್ತು ಒಂದು ಬಳ್ಳಿಯ ಬೇರು, ಗ್ರೀಕರ 'ರಿಜಾರಿ'. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠದ ಹತ್ತಿರದ ಸಂಬಂಧಿ. ಕೆಲಸ ಮಾತ್ರ ಬೇರು ಕುದಿಸಿದಷ್ಟು ಸರಳವಲ್ಲ.

ಮೊದಲು ನೂಲಿನ ಲಡಿಗಳನ್ನು ಬೂದಿಯ ಕ್ಷಾರದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು. ಆಮೇಲೆ ಆಲಿವ್ ಎಣ್ಣೆ, ಕ್ಷಾರ, ಕುರಿ ಹಿಕ್ಕೆ ಕಲಸಿದ ಹಾಲಿನಂಥ ದ್ರವದಲ್ಲಿ ಅದ್ದಿ, ಹಿಂಡಿ, ಒಣಗಿಸಬೇಕು. ಒಮ್ಮೆಯಲ್ಲ, ಮತ್ತೆ ಮತ್ತೆ. ಪ್ರತಿ ಸಲ ಅದ್ದಿದ ಮೇಲೂ ಬಿಸಿಲು ಬೇಕು. ಎಣ್ಣೆ ನಾರಿನ ಒಳಕ್ಕೆ ಇಳಿದು ಅಲ್ಲೇ ನಿಲ್ಲುವವರೆಗೂ ಇದೇ ಕೆಲಸ. ನಂತರ ಮಾಚಿಕಾಯಿಯ ಕಷಾಯ, ಅದರ ಮೇಲೆ ಪಟಿಕದ ನೀರು. ಆಗಲೂ ನೂಲು ಮಾಸಲು ಬಣ್ಣದಲ್ಲೇ ಇರುತ್ತದೆ. ಆಮೇಲೆ ತಾಮ್ರದ ಹಂಡೆ: ಪುಡಿ ಮಾಡಿದ ಬೇರು, ನೀರು, ಜತೆಗೆ ಎತ್ತಿನ ರಕ್ತ. ಸಣ್ಣ ಉರಿಯಲ್ಲಿ ಶುರು ಮಾಡಿ ನಿಧಾನವಾಗಿ ಕುದಿಗೆ ತರುತ್ತಾರೆ. ಹಂಡೆಯಿಂದ ಮೇಲೆ ಬಂದ ಲಡಿ ಇಟ್ಟಿಗೆಯಂಥ ಮಂಕು ಕೆಂಪು. ಕಡೆಗೆ ಸಾಬೂನು ಮತ್ತು ಕ್ಷಾರದಲ್ಲಿ ಮತ್ತೊಮ್ಮೆ ಗಂಟೆಗಟ್ಟಲೆ ಕುದಿಸಿದಾಗ ಮಂಕೆಲ್ಲ ಬಿಟ್ಟು ಒಳಗಿನ ಬಣ್ಣ ಎದ್ದು ಬರುತ್ತದೆ.

ಒಂದು ತಂಡದ ನೂಲು ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಇಡೀ ಊರು ಕಮಟು ಎಣ್ಣೆ, ಹಿಕ್ಕೆ, ರಕ್ತದ ವಾಸನೆಯಲ್ಲಿ ಬದುಕಿತ್ತು. ಬೆಟ್ಟದ ಹರಿಯುವ ನೀರು ಇಲ್ಲದಿದ್ದರೆ ಈ ಉದ್ಯೋಗವೇ ಸಾಧ್ಯವಿರಲಿಲ್ಲ. ಪ್ರತಿ ಹಂತದ ನಡುವೆಯೂ ತೊಳೆಯಬೇಕಲ್ಲ.

ನೂಲುತ್ತಿದ್ದವರು ಯಾರು?

ಹೆಂಗಸರು. ಥೆಸಲಿಯ ಬಯಲಿನಲ್ಲಿ ಬೆಳೆದ ಹತ್ತಿಯನ್ನು ಮನೆಗಳಲ್ಲಿ ಕೈಯಿಂದಲೇ ನೂಲುತ್ತಿದ್ದರು. ಬಣ್ಣದ ಮನೆಯ ಯಜಮಾನರ ಹೆಸರುಗಳು ಕಾಗದಪತ್ರದಲ್ಲಿ ಉಳಿದಿವೆ, ಈ ಹೆಂಗಸರ ಹೆಸರುಗಳು ಉಳಿದಿಲ್ಲ. ಊರಿನ ಸಂಪತ್ತು ಶುರುವಾದದ್ದು ಅವರ ಬೆರಳ ತುದಿಯಲ್ಲಿ ಎಂಬುದನ್ನು ಈ ಕಥೆ ಹೇಳುವವರು ಬಿಡಬಾರದು.

ಎಷ್ಟು ನೂಲು ತಯಾರಾಗುತ್ತಿತ್ತು?

ಥೆಸಲೊನಿಕಿಯಲ್ಲಿ ಫ್ರೆಂಚ್ ಕಾನ್ಸಲ್ ಆಗಿದ್ದ ಫೆಲಿಕ್ಸ್ ಬೊಜೂರ್ 1800ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 24 ಬಣ್ಣದ ಕಾರ್ಖಾನೆಗಳು, ವರ್ಷಕ್ಕೆ 2,500 ಬೇಲು, ಬೇಲಿಗೆ 100 ಓಕಾ ತೂಕ. ಓಕಾ ಎಂದರೆ ಸುಮಾರು 1.28 ಕಿಲೊ. ಅಲ್ಲಿಗೆ ವರ್ಷಕ್ಕೆ ಹತ್ತಿರ ಹತ್ತಿರ 320 ಟನ್. ಎಲ್ಲವೂ ಕೈ ನೂಲು, ಕೈ ಬಣ್ಣ. 15 ವರ್ಷದಲ್ಲಿ ಊರಿನ ಜನಸಂಖ್ಯೆ ಮೂರು ಪಟ್ಟಾಗಿ 4,000ಕ್ಕೆ ಮುಟ್ಟಿತು ಎಂದೂ ಅವನು ಬರೆದ. ಇದು ತುರ್ಕಿಯ ಹಳ್ಳಿಗಿಂತ ಹಾಲೆಂಡಿನ ಪೇಟೆಯಂತೆ ಕಾಣುತ್ತದೆ ಎಂದು ಬೆರಗಾದ.

'ಜಗತ್ತಿನ ಮೊದಲ ಸಹಕಾರ ಸಂಘ' ಇಲ್ಲೇ ಹುಟ್ಟಿತು ಎನ್ನುತ್ತಾರೆ. ನಿಜವೇ?

ಈ ಪುಟಕ್ಕೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಲಾಗದು.

ಊರಿನಲ್ಲಿ ಮೊದಲು ಸಣ್ಣ ಸಣ್ಣ ವ್ಯಾಪಾರದ ಪಾಲುದಾರಿಕೆಗಳಿದ್ದವು. ಒಬ್ಬರ ಬೆಲೆ ಇನ್ನೊಬ್ಬರು ಕೆಡಿಸುತ್ತಿದ್ದರು. 1778ರ ಹೊತ್ತಿಗೆ ಅವು ಒಂದಾಗಿ 'ಸಾಮಾನ್ಯ ಕಂಪನಿ ಮತ್ತು ಸೋದರತ್ವ' ಎಂಬ ಹೆಸರಿನ ಒಂದೇ ಸಂಸ್ಥೆ ಆಯಿತು. ನಂತರದ ವರ್ಷಗಳಲ್ಲಿ ಅದಕ್ಕೆ ಲಿಖಿತ ನಿಯಮಾವಳಿಯೂ ಬಂತು. ಗ್ರೀಕಿನಲ್ಲಿ ಕಂಪನಿಗೆ 'ಸಿಂದ್ರೊಫಿಯಾ' ಎನ್ನುತ್ತಾರೆ, ಜತೆಗಾರಿಕೆ ಎಂಬ ಅರ್ಥ ಆ ಮಾತಿನಲ್ಲೇ ಇದೆ.

ಬ್ರಿಟಿಷ್ ಬರಹಗಾರ ಡೇವಿಡ್ ಅರ್ಕರ್ಟ್ 1833ರಲ್ಲಿ ಅದರ ನಿಯಮಗಳನ್ನು ವಿವರಿಸಿದ್ದಾನೆ. ಒಂದು ಪಾಲು 5,000 ಪಿಯಾಸ್ಟರ್‌ಗಿಂತ (ಒಟ್ಟೊಮನ್ನರ ನಾಣ್ಯ) ಕಡಿಮೆ ಇರುವಂತಿಲ್ಲ, 20,000 ದಾಟುವಂತಿಲ್ಲ. ಮೇಲಿನ ಮಿತಿ ಇಟ್ಟದ್ದು ದೊಡ್ಡ ಬಂಡವಾಳದವರು ಲಾಭವನ್ನೆಲ್ಲ ಬಾಚಿಕೊಳ್ಳದಿರಲಿ ಎಂದು. ಕೆಳಗಿನ ಮಿತಿಯೇನೋ ಬಡ ಕೆಲಸಗಾರನಿಗೆ ಎಟುಕದ್ದು. ಅದಕ್ಕೆ ಅವರು ಹತ್ತಾರು ಜನ ಕೂಡಿ ತಮ್ಮ ಸಣ್ಣ ಉಳಿತಾಯ ಸೇರಿಸಿ ಒಂದು ಪಾಲು ಕೊಳ್ಳುತ್ತಿದ್ದರು. ಹಣದ ಜತೆ ದುಡಿಮೆಗೂ ಲೆಕ್ಕವಿತ್ತು. ಲಾಭಾಂಶವನ್ನು ಮೊದಲಿಗೆ ನೂರಕ್ಕೆ 10ಕ್ಕೆ ಸೀಮಿತಗೊಳಿಸಿ, ಮಿಕ್ಕದ್ದನ್ನು ಬಂಡವಾಳಕ್ಕೆ ಸೇರಿಸಿದರು. ಎರಡೇ ವರ್ಷದಲ್ಲಿ ಬಂಡವಾಳ 6 ಲಕ್ಷದಿಂದ 10 ಲಕ್ಷ ಪಿಯಾಸ್ಟರ್‌ಗೆ ಏರಿತು. ಊರಿನ ಬಡವರು, ರೋಗಿಗಳು, ಶಾಲೆ ಇವುಗಳ ಖರ್ಚಿಗೂ ಕಂಪನಿಯ ಹಣ ಹೋಗುತ್ತಿತ್ತು.

ಸದಸ್ಯರು 6,000 ಎಂಬ ಸಂಖ್ಯೆ ಎಲ್ಲೆಡೆ ಓಡಾಡುತ್ತದೆ. ಊರಿನ ಜನವೇ 4,000 ಇದ್ದಾಗ 6,000 ಸದಸ್ಯರು ಎಂದರೆ ಸುತ್ತಲ ಹಳ್ಳಿಯವರನ್ನೂ ಎಣಿಸಿದ್ದಾರೆ ಎಂದೇ ತಿಳಿಯಬೇಕು.

ಸಹಕಾರ ಸಂಘ ಎಂದರೆ ಇವತ್ತು ನಾವು ತಿಳಿಯುವುದು ಒಬ್ಬ ಸದಸ್ಯನಿಗೆ ಒಂದು ಮತ. ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು 1844ರಲ್ಲಿ ಹಾಕಿಕೊಟ್ಟ ದಾರಿ ಅದು. ಆಂಬೆಲಾಕಿಯಾದ ಕಂಪನಿ ಅದಲ್ಲ, ಅಲ್ಲಿ ವ್ಯಾಪಾರಿಗಳ ಮಾತು ಹೆಚ್ಚು ನಡೆಯುತ್ತಿತ್ತು. 'ಮೊದಲ' ಎಂಬ ಪಟ್ಟಕ್ಕೆ ನಾನು ಹಟ ಹಿಡಿಯುವುದಿಲ್ಲ. ಆದರೆ ದುಡಿಮೆಯನ್ನೂ ಬಂಡವಾಳವೆಂದು ಲೆಕ್ಕಕ್ಕೆ ತಂದವರು, ಶ್ರೀಮಂತನ ಪಾಲಿಗೆ ಮಿತಿ ಹಾಕಿದವರು ಇವರು. ಇದು ರಾಚ್‌ಡೇಲ್‌ಗಿಂತ ಅರ್ಧ ಶತಮಾನಕ್ಕೂ ಹಿಂದಿನ ಮಾತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಸರಕು ಎಲ್ಲಿಗೆ, ಹೇಗೆ ಹೋಗುತ್ತಿತ್ತು?

ಬೊಜೂರ್ ಹೆಸರಿಸುವ ಊರುಗಳು ಪೆಸ್ಟ್, ವಿಯೆನ್ನಾ, ಲೈಪ್‌ಜಿಗ್, ಡ್ರೆಸ್ಡೆನ್, ಆನ್ಸ್‌ಬಾಖ್, ಬೈರಾಯ್ಟ್. ಬೇಲುಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ಬಾಲ್ಕನ್ ಬೆಟ್ಟಗಳನ್ನು ದಾಟಿ ಬೆಲ್‌ಗ್ರೇಡ್‌ಗೆ ಒಯ್ಯುತ್ತಿದ್ದರು. ನದಿಯ ಆಚೆ ದಡದ ಜೆಮುನ್‌ನಲ್ಲಿ ಆಸ್ಟ್ರಿಯಾದ ಗಡಿ. ಪ್ಲೇಗಿನ ಭಯಕ್ಕೆ ಅಲ್ಲಿ ಮನುಷ್ಯರನ್ನೂ ಸರಕನ್ನೂ ವಾರಗಟ್ಟಲೆ ಕ್ವಾರಂಟೈನ್‌ನಲ್ಲಿ ಕೂರಿಸುತ್ತಿದ್ದರು. ಹತ್ತಿಯಲ್ಲಿ ಸೋಂಕು ಅಡಗಿರುತ್ತದೆ ಎಂಬ ನಂಬಿಕೆಯಿಂದ ಬೇಲುಗಳನ್ನು ಬಿಚ್ಚಿ ಗಾಳಿಗೆ ಹರಡುವುದೂ ಇತ್ತು.

ಆಸ್ಟ್ರಿಯಾ ಮತ್ತು ಒಟ್ಟೊಮನ್ನರ ನಡುವಿನ 1718ರ ಪಸಾರೊವಿಟ್ಸ್ ಒಪ್ಪಂದ ಇಲ್ಲದಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲ. ಸುಲ್ತಾನನ ಪ್ರಜೆಗಳು ಆಸ್ಟ್ರಿಯಾದಲ್ಲಿ ಕಡಿಮೆ ಸುಂಕ ಕಟ್ಟಿ ವ್ಯಾಪಾರ ಮಾಡಲು ಅದು ಬಾಗಿಲು ತೆರೆಯಿತು. ಒಟ್ಟೊಮನ್ ಪ್ರಜೆ ಎಂಬ ಗುರುತೇ ಗ್ರೀಕ್ ವ್ಯಾಪಾರಿಗೆ ವಿಯೆನ್ನಾದಲ್ಲಿ ರಿಯಾಯಿತಿ ತಂದುಕೊಟ್ಟಿತು.

ಶ್ವಾರ್ಟ್ಸ್ ಯಾರು? ಗ್ರೀಕ್ ಊರಿನಲ್ಲಿ ಜರ್ಮನ್ ಹೆಸರೇಕೆ?

ಕಂಪನಿಯ ಮುಂದಾಳು ಯೊರ್ಗೊಸ್ ಮಾವ್ರೊಸ್. ಗ್ರೀಕಿನಲ್ಲಿ 'ಮಾವ್ರೊಸ್' ಎಂದರೆ ಕಪ್ಪು, ಜರ್ಮನ್‌ನಲ್ಲಿ 'ಶ್ವಾರ್ಟ್ಸ್'. ವಿಯೆನ್ನಾದ ವ್ಯವಹಾರವನ್ನು ಅವನ ತಮ್ಮ ದಿಮಿತ್ರಿಯೊಸ್ ನೋಡಿಕೊಳ್ಳುತ್ತಿದ್ದ. ಅಲ್ಲಿನವರ ಬಾಯಿಗೆ ಒಗ್ಗಲಿ ಎಂದು ಹೆಸರನ್ನೇ ಅನುವಾದ ಮಾಡಿಕೊಂಡರು.

ಯೊರ್ಗೊಸ್ ಕಟ್ಟಿಸಿದ ಮೂರಂತಸ್ತಿನ ಮನೆ 1798ರಲ್ಲಿ ಪೂರ್ಣವಾಯಿತು, ಈಗಲೂ ನಿಂತಿದೆ. ಕೆಳಗೆ ದಪ್ಪ ಕಲ್ಲುಗೋಡೆ, ಸಣ್ಣ ಕಿಟಕಿಗಳಿಗೆ ಕಬ್ಬಿಣದ ಸರಳು. ಕಂಪನಿಯ ಹಣ, ಲೆಕ್ಕಪತ್ರ ಇಡುತ್ತಿದ್ದ ಭದ್ರ ಕೋಣೆ ಅಲ್ಲೇ. ಮೇಲೆ ಹೋದ ಹಾಗೆ ಮನೆ ಹಗುರವಾಗುತ್ತದೆ: ಮರದ ತೊಲೆಗಳ ಮೇಲೆ ಹೊರಚಾಚಿದ ಕೋಣೆಗಳು, ಸಾಲು ಕಿಟಕಿ, ಬಣ್ಣದ ಗಾಜು, ಕೆತ್ತಿದ ಚಾವಣಿ, ಗೋಡೆಯ ತುಂಬ ಹೂಬಳ್ಳಿ ಮತ್ತು ಊರುಗಳ ಚಿತ್ರ. ಹೊರಚಾಚಿದ ಕೋಣೆ ಒಟ್ಟೊಮನ್ ಶೈಲಿಯದು, ಗೋಡೆಯ ಅಲಂಕಾರದಲ್ಲಿ ಮಧ್ಯ ಯುರೋಪಿನ ರುಚಿ ಬೆರೆತಿದೆ. ಊರಿನ ಇತಿಹಾಸ ಓದಲು ಪುರುಸೊತ್ತಿಲ್ಲದವರು ಈ ಮನೆಯ ಕೆಳಗಿನ ಅಂತಸ್ತಿನಿಂದ ಮೇಲಕ್ಕೆ ಹತ್ತಿದರೆ ಸಾಕು.

ಕ್ರಾಂತಿಕಾರಿ ರಿಗಾಸ್‌ಗೂ ಈ ಊರಿಗೂ ನಂಟಿದೆಯೇ?

ಸುಲ್ತಾನನ ಆಳ್ವಿಕೆಯ ವಿರುದ್ಧ ಗ್ರೀಕರನ್ನು ಎಬ್ಬಿಸಲು ಹೊರಟ ರಿಗಾಸ್ ಹುಟ್ಟಿದ್ದು ಥೆಸಲಿಯದೇ ವೆಲೆಸ್ತಿನೊದಲ್ಲಿ. ಅವನು ಆಂಬೆಲಾಕಿಯಾದಲ್ಲಿ ಓದಿದ ಎಂದು ಊರಿನವರು ಹೇಳಿಕೊಂಡು ಬಂದಿದ್ದಾರೆ, ಅದನ್ನು ಪ್ರತೀತಿ ಎಂದೇ ತೆಗೆದುಕೊಳ್ಳಿ. ಖಚಿತವಾದದ್ದು ಇಷ್ಟು: 1797ರಲ್ಲಿ ಅವನು ತನ್ನ ಕ್ರಾಂತಿಯ ಕರಪತ್ರಗಳನ್ನು, ದೊಡ್ಡ ನಕ್ಷೆಯನ್ನು ಅಚ್ಚು ಹಾಕಿಸಿದ್ದು ವಿಯೆನ್ನಾದಲ್ಲಿ, ಗ್ರೀಕ್ ವ್ಯಾಪಾರಿಗಳ ನಡುವೆ. ಆಸ್ಟ್ರಿಯನ್ನರು ಹಿಡಿದು ಒಟ್ಟೊಮನ್ನರಿಗೆ ಒಪ್ಪಿಸಿದರು. 1798ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅವನನ್ನು ಕೊಂದರು. ಕೆಂಪು ನೂಲಿನ ಬೇಲುಗಳು ಹಾದುಹೋಗುತ್ತಿದ್ದ ದಾರಿಯಲ್ಲೇ ಅವನ ಕೊನೆಯಾಯಿತು.

ಇಷ್ಟು ದೊಡ್ಡ ಉದ್ಯಮ ಮುಳುಗಿದ್ದು ಹೇಗೆ?

'ತುರ್ಕರು ಹಾಳು ಮಾಡಿದರು' ಎಂಬ ಉತ್ತರವನ್ನು ತುಂಬ ಜನ ನಿರೀಕ್ಷಿಸುತ್ತಾರೆ. ಅಲಿ ಪಾಷಾನ ವಸೂಲಿಯಿಂದ ಪೆಟ್ಟು ಬಿದ್ದದ್ದು ನಿಜ, ಆದರೆ ಅದಕ್ಕಿಂತ ಆಳವಾದ ಏಟುಗಳಿದ್ದವು.

ಮೊದಲನೆಯದು ಒಳಜಗಳ. ದೊಡ್ಡ ವ್ಯಾಪಾರಿಗಳಿಗೂ ಕೆಲಸಗಾರರ ಗುಂಪುಗಳಿಗೂ ಲಾಭದ ಹಂಚಿಕೆಯಲ್ಲಿ ಮನಸ್ತಾಪ ಬಂತು. ಊರ ಹಿರಿಯರ ಮುಂದೆ ತೀರಬೇಕಿದ್ದ ವ್ಯಾಜ್ಯ ವಿಯೆನ್ನಾದ ನ್ಯಾಯಾಲಯದ ತನಕ ಹೋಯಿತು. ಒಂದೇ ಕಂಪನಿ ಒಡೆದು ಹಲವಾಯಿತು, ಒಬ್ಬರ ಬೆಲೆ ಒಬ್ಬರು ಕೆಡಿಸುವ ಹಳೆಯ ಚಾಳಿ ಮರಳಿತು.

ಎರಡನೆಯದು ಯಂತ್ರ. 1801ರ ಕೊನೆಯಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಪ್ರವಾಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್, ಜರ್ಮನ್ ಪೇಟೆಗಳಲ್ಲಿ ಇಂಗ್ಲೆಂಡಿನ ಯಂತ್ರದ ನೂಲಿನ ಪೈಪೋಟಿ ಆಗಲೇ ಈ ಊರನ್ನು ತಟ್ಟುತ್ತಿದ್ದುದನ್ನು ಬರೆದಿದ್ದಾನೆ. ಬಣ್ಣದ ಗುಟ್ಟೂ ಆ ಹೊತ್ತಿಗೆ ಗುಟ್ಟಾಗಿ ಉಳಿದಿರಲಿಲ್ಲ. 1747ರಲ್ಲೇ ಫ್ರೆಂಚರು ಗ್ರೀಕ್ ಬಣ್ಣಗಾರರನ್ನು ರುವಾನ್ ಹತ್ತಿರದ ದಾರ್ನೆತಾಲ್‌ಗೆ ಕರೆಸಿಕೊಂಡಿದ್ದರು. 1785ರಲ್ಲಿ ಪಾಪಿಲ್ಲೊನ್ ಎಂಬ ಫ್ರೆಂಚ್ ಬಣ್ಣಗಾರ ಗ್ಲಾಸ್ಗೊದ ದಾಲ್ಮಾರ್ನಾಕ್‌ನಲ್ಲಿ ಕಾರ್ಖಾನೆ ಶುರು ಮಾಡಲು ನೆರವಾದ.

ಮೂರನೆಯದು ವಿಯೆನ್ನಾ. ನೆಪೋಲಿಯನ್ ಯುದ್ಧಗಳಲ್ಲಿ ದಿವಾಳಿಯಾದ ಆಸ್ಟ್ರಿಯಾ 1811ರಲ್ಲಿ ತನ್ನ ಕಾಗದದ ಹಣದ ಬೆಲೆಯನ್ನು ಐದನೇ ಒಂದು ಭಾಗಕ್ಕೆ ಇಳಿಸಿತು. ಆಂಬೆಲಾಕಿಯಾದ ವ್ಯಾಪಾರಿಗಳ ಗಳಿಕೆ ಇದ್ದದ್ದೇ ಅಲ್ಲಿ. ತಲೆಮಾರಿನ ದುಡಿಮೆ ರಾತ್ರೋರಾತ್ರಿ ಕರಗಿತು. ಕಂಪನಿಯ ಕಥೆ ಆ ಹೊತ್ತಿಗೆ ಮುಗಿಯಿತು.

ಒಟ್ಟೊಮನ್ನರ ವಿರುದ್ಧ ಗ್ರೀಕರು ಎದ್ದ 1821ರ ದಂಗೆಯ ನಂತರ ಏನಾಯಿತು?

ಥೆಸಲಿಯಲ್ಲಿ ಪಿಲಿಯೊನ್ ಬೆಟ್ಟದ ಊರುಗಳು 1821ರಲ್ಲಿ ಎದ್ದವು, ಬೇಗನೆ ದಮನಗೊಂಡವು. ಅಲಿ ಪಾಷಾ ಸುಲ್ತಾನನ ವಿರುದ್ಧ ತಿರುಗಿಬಿದ್ದು 1822ರಲ್ಲಿ ಸತ್ತ. 1881ರಲ್ಲಿ ಗ್ರೀಕ್ ಆಡಳಿತ ಬಂದ ಮೇಲೂ ಬಯಲಿನ ಗೇಣಿದಾರರ ಪಾಡು ಬದಲಾಗಲಿಲ್ಲ. ಚಿಫ್ಲಿಕ್‌ಗಳನ್ನು ಶ್ರೀಮಂತ ಗ್ರೀಕರು ಕೊಂಡಿದ್ದರು. 1910ರ ಮಾರ್ಚ್‌ನಲ್ಲಿ ಲಾರಿಸಾ ಹತ್ತಿರದ ಕಿಲೆಲೆರ್‌ನಲ್ಲಿ ರೈತರ ಮೇಲೆ ಗುಂಡು ಹಾರಿಸಿದ್ದು ಗ್ರೀಕ್ ಸರ್ಕಾರದ ಸೈನಿಕರೇ. 1897ರ ಯುದ್ಧದಲ್ಲಿ ಒಟ್ಟೊಮನ್ ಸೈನ್ಯ ಮತ್ತೊಮ್ಮೆ ಬಂದು ಸುಮಾರು ಒಂದು ವರ್ಷ ಥೆಸಲಿಯಲ್ಲಿತ್ತು.

ಭಾರತಕ್ಕೆ ಈ ಬಣ್ಣದ ಸಂಬಂಧ ಉಂಟೇ?

ಎರಡು ಕಡೆಯಿಂದ ಉಂಟು. ಹತ್ತಿಗೆ ಬೇರಿನ ಕೆಂಪು ಹಾಕುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಮೊಹೆಂಜೊದಾರೊದಲ್ಲಿ ಸಿಕ್ಕ ಬಟ್ಟೆಯ ಚೂರಿನಲ್ಲೇ ಅದರ ಗುರುತಿದೆ.

ಇನ್ನೊಂದು ನೋವಿನದು. ಗ್ರೀಕರ ಕೈಯಿಂದ ಫ್ರಾನ್ಸ್‌ಗೆ, ಅಲ್ಲಿಂದ ಗ್ಲಾಸ್ಗೊಗೆ ಹೋದ ವಿದ್ಯೆ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಲೆವೆನ್ ಕಣಿವೆಯ ದೊಡ್ಡ ಕಾರ್ಖಾನೆಗಳಾಯಿತು. ಅಲ್ಲಿನ ಕೆಂಪು ನೂಲಿಗೆ, ಬಟ್ಟೆಗೆ ಅತಿ ದೊಡ್ಡ ಮಾರುಕಟ್ಟೆ ಭಾರತ. ನವಿಲು, ಹೂಬಳ್ಳಿ ಅಚ್ಚಾದ ಕೆಂಪು ಬಟ್ಟೆ ಮುಂಬಯಿ ಬಂದರಿಗೆ ಹಡಗು ಹಡಗಾಗಿ ಬಂತು. ಆಂಬೆಲಾಕಿಯಾದ ಹಂಡೆಗಳನ್ನು ಆರಿಸಿದ ಅದೇ ಪೈಪೋಟಿ ನಮ್ಮ ಬಣ್ಣಗಾರರ ಹಂಡೆಗಳನ್ನೂ ಆರಿಸಿತು. 1869ರಲ್ಲಿ ಜರ್ಮನ್ ರಸಾಯನಜ್ಞರಾದ ಗ್ರೇಬೆ ಮತ್ತು ಲೀಬರ್ಮನ್ ಬೇರಿನ ಬಣ್ಣವಾದ ಅಲಿಜರಿನ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಬೇರು ಬೆಳೆಯುವವರಿಗೂ ಕೆಲಸವಿಲ್ಲವಾಯಿತು.

ಈಗ ಅಲ್ಲಿ ನೋಡಲು ಏನಿದೆ?

ಕೆಲವೇ ನೂರು ಜನರ ಊರು. ಕಲ್ಲು ಹಾಸಿದ ಓಣಿಗಳು, ಚೌಕ, ಚರ್ಚು. ಶ್ವಾರ್ಟ್ಸ್ ಮನೆ ವಸ್ತುಸಂಗ್ರಹಾಲಯವಾಗಿದೆ. ಇನ್ನೂ ಕೆಲವು ಹಳೆಯ ವ್ಯಾಪಾರಿ ಮನೆಗಳು ಉಳಿದಿವೆ. ಕೆಳಗೆ ಟೆಂಪಿ ಹಳ್ಳಿಯಲ್ಲಿ, ಅಂದರೆ ಹಿಂದಿನ ಬಾಬಾದಲ್ಲಿ, ಹಸನ್ ಬಾಬಾನ ತೆಕ್ಕೆಯ ಕಟ್ಟಡವನ್ನೂ ನೋಡಿ ಬನ್ನಿ. ಮೇಲಿನ ಮನೆ ಮತ್ತು ಕೆಳಗಿನ ತೆಕ್ಕೆ ಎರಡನ್ನೂ ಒಂದೇ ದಿನ ನೋಡಿದವರಿಗೆ ಆ ಕಾಲ ಅರ್ಥವಾಗುವಷ್ಟು ಒಂದನ್ನೇ ನೋಡಿದವರಿಗೆ ಆಗದು.

1980ರ ದಶಕದಲ್ಲಿ ಊರಿನ ಹೆಂಗಸರು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡರು. ಬರುವ ಪ್ರವಾಸಿಗರಿಗೆ ಊಟ, ವಸತಿ ಒದಗಿಸುವುದು ಅದರ ಕೆಲಸ. ಕದಿರು ಹಿಡಿದು ನೂಲಿದವರ ಹೆಸರು ಎಲ್ಲೂ ಉಳಿಯದ ಊರಿನಲ್ಲಿ, ಈ ಸಲ ಸಂಘ ಹೆಂಗಸರ ಹೆಸರಿನಲ್ಲೇ ಇದೆ.